ಬಳ್ಳಾರಿಯಲ್ಲಿ ಅಗ್ಗದ ಮೆಮೊರಿ ಕಾರ್ಡ್ ಕೊಳ್ಳುವ ಮುನ್ನ ಇದನ್ನು ಓದಿ

ತಪ್ಪು ನನ್ನದೂ ಇದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಎರಡು ಅಂಗಡಿಗಳಲ್ಲಿ ಸಾವಿರದ ಮೇಲೆ ಹೇಳಿದ 128 ಜಿಬಿ ಮೈಕ್ರೊ ಎಸ್‌ಡಿ ಕಾರ್ಡನ್ನು ಮೂರನೆಯವನು 650ಕ್ಕೆ ಕೊಡುತ್ತೇನೆ ಎಂದಾಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಚೌಕಾಸಿ ಮಾಡಿ 620ಕ್ಕೆ ಇಳಿಸಿ, ಗೆದ್ದೆನೆಂದು ಬೀಗುತ್ತಾ ಮನೆಗೆ ಬಂದೆ. ನಮ್ಮ ಕಚೇರಿಯಲ್ಲಿ ಯಾರೇ ಮೊಬೈಲ್ ಕೊಳ್ಳಲಿ, ಪೆನ್‌ಡ್ರೈವ್ ಕೊಳ್ಳಲಿ, ಮೊದಲು ನನ್ನನ್ನು ಕೇಳುತ್ತಾರೆ. ಹಾಗೆ ಕೇಳಿಸಿಕೊಳ್ಳುವವನಿಗೇ ಹಣೆಗೆ ನಾಮ ಹಾಕಿದ್ದಾನೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಕಾರ್ಡ್ ಕೊಂಡದ್ದು ಕೊಪ್ಪಳದ ಗವಿಮಠದ ಜಾತ್ರೆಗೆಂದು. ಅಪ್ಪನಿಗೆ ಈಗ 81 ವರ್ಷ, ಮೊಣಕಾಲು ಬಗ್ಗುವುದಿಲ್ಲ. ಈ ಸಲ ತೇರು ನೋಡಲೇಬೇಕು ಎಂದು ಹಟ ಹಿಡಿದರು. ಅಕ್ಕನ ಮನೆ ಕೊಪ್ಪಳದಲ್ಲೇ ಇರುವುದರಿಂದ ರೈಲಿನಲ್ಲಿ ಕರೆದುಕೊಂಡು ಹೋದೆ. ಆ ಜನಸಾಗರದಲ್ಲಿ ಅಳಿಯ ಅವರನ್ನು ತೋಳಿಗೆ ಆನಿಸಿ ನಿಲ್ಲಿಸಿಕೊಂಡಿದ್ದ. ಅಪ್ಪ ಉತ್ತತ್ತಿ ಎಸೆದರು. ಮೊದಲನೆಯದು ಮುಂದಿದ್ದವರ ತಲೆಗೆ ಬಿತ್ತು, ಎರಡನೆಯದು ತೇರಿನ ಕಡೆಗೆ ಹೋಯಿತು, ಮಗುವಿನಂತೆ ನಕ್ಕರು. ಎಲ್ಲವನ್ನೂ ಚಿತ್ರೀಕರಿಸಿದೆ. ಮರುದಿನ ದಾಸೋಹದಲ್ಲಿ ರೊಟ್ಟಿ, ಮಾದಲಿ ಉಣ್ಣುತ್ತಾ, ತಮ್ಮ ಚಿಕ್ಕಂದಿನಲ್ಲಿ ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ಕಥೆ ಹೇಳಿದರು. ಅದನ್ನೂ ಹಿಡಿದೆ. ಹಿಡಿದೆ ಎಂದುಕೊಂಡೆ.

ಬಳ್ಳಾರಿಗೆ ಬಂದು, ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ರೀಡರಿನಲ್ಲಿಟ್ಟು ನೋಡಿದರೆ ಫೈಲುಗಳೆಲ್ಲ ಇವೆ. ಹೆಸರಿದೆ, ದಿನಾಂಕವಿದೆ, ಗಾತ್ರವೂ ಇದೆ. ಮೊದಲ ಹತ್ತಾರು ವಿಡಿಯೊಗಳು ಚೆನ್ನಾಗಿ ಓಡಿದವು: ಮುನಿರಾಬಾದಿನ ಹತ್ತಿರ ರೈಲಿನ ಕಿಟಕಿ, ಅಕ್ಕನ ಮನೆಯ ಅಂಗಳ, ಕ್ಯಾಮೆರಾ ಬಂದ್ ಮಾಡದೆ ಮೊಮ್ಮಗ ಮಂಚದ ಮೇಲೆ ಬಿಟ್ಟಿದ್ದರಿಂದ ದಾಖಲಾದ ತಿರುಗುವ ಫ್ಯಾನು. ಆ ಫ್ಯಾನು 22 ನಿಮಿಷ, ಒಂದು ಚೂರೂ ಕೆಡದೆ ಉಳಿದಿದೆ. ಆಮೇಲಿನದು ಯಾವುದೂ ತೆರೆಯಲಿಲ್ಲ. ಒಂದು ಫೋಟೊದಲ್ಲಿ ಮೇಲಿನ ಕಾಲುಭಾಗ ತೇರಿನ ಕಳಸ, ಕೆಳಗೆಲ್ಲ ಬೂದು ಬಣ್ಣ. ಅಪ್ಪ ನಿಂತಿದ್ದದ್ದು ಆ ಬೂದು ಭಾಗದಲ್ಲಿ.

ಅಂಗಡಿಯವನಿಗೆ ಫೋನ್ ಮಾಡಿದೆ. "ಯಾವ ರೀಡರ್ ಬಳಸಿದಿರಿ ಸರ್?" ಎಂದ. ಹಳೆಯದು ಎಂದೆ. "ಅಲ್ಲೇ ಇದೆ ನೋಡಿ ಸಮಸ್ಯೆ. ಕಾರ್ಡ್ ತೆಗೆದುಕೊಂಡು ಬನ್ನಿ."

ಹೋದೆ. ಅವನು ಕಾರ್ಡನ್ನು ತನ್ನ ಮೊಬೈಲಿಗೆ ಹಾಕಿ, 119 ಜಿಬಿ ಎಂದು ತೋರಿಸಿ, ಮೊಟ್ಟಮೊದಲ ವಿಡಿಯೊ ಒತ್ತಿದ. ಅದು ಓಡಿತು. "ನೋಡಿ ಸರ್, ಕಾರ್ಡ್ ಸರಿಯಾಗಿದೆ. 128 ಎಂದರೆ 119 ತೋರಿಸುತ್ತದೆ, ಎಲ್ಲ ಕಂಪನಿಯದೂ ಹಾಗೆಯೇ, ಲೆಕ್ಕದ ವ್ಯತ್ಯಾಸ." ಈ ಒಂದು ಮಾತು ನಿಜ. ಕೊನೆಯ ವಿಡಿಯೊ ಒತ್ತು ಎಂದೆ. ಒತ್ತಲಿಲ್ಲ. "ನಿಮ್ಮ ಹಳೆಯ ರೀಡರ್ ಫೈಲುಗಳನ್ನು ಕೆಡಿಸಿದೆ" ಎನ್ನುತ್ತಾ ಹೊಸ ರೀಡರ್ ಒಂದನ್ನು ಕೌಂಟರಿನ ಮೇಲಿಟ್ಟ. 380 ರೂಪಾಯಿ.

ಕೊಂಡೆ. ಹೌದು, ಕೊಂಡೆ! ಹಳೆಯ ರೀಡರುಗಳಲ್ಲಿ ಕೆಲವು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದೇ ಇಲ್ಲ, ಇಲ್ಲವೇ ಫಾರ್ಮ್ಯಾಟ್ ಮಾಡಿ ಎನ್ನುತ್ತವೆ. ಮೊದಲ ಹತ್ತಾರು ಫೈಲು ಸರಿಯಾಗಿ ಓದಿ, ಅಲ್ಲಿಂದಾಚೆಗೆ ಒಂದನ್ನೂ ಬಿಡದೆ ಕೆಡಿಸುವ ರೀಡರ್ ಎಲ್ಲಿದೆ? ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಂಡೆ, ಏಕೆಂದರೆ ಅವನು ಹೇಳಿದ್ದು ನಿಜವಾಗಲಿ ಎಂಬ ಆಸೆ ಇತ್ತು. ರೀಡರಿನ ತಪ್ಪಾದರೆ ಅಪ್ಪನ ವಿಡಿಯೊ ಕಾರ್ಡಿನಲ್ಲಿ ಇದ್ದೇ ಇರಬೇಕಲ್ಲವೇ? ಆ ಆಸೆಯನ್ನೇ ಅವನು 380ಕ್ಕೆ ಮಾರಿದ. ಆ ರೀಡರಾದರೂ ನೆಟ್ಟಗಿದೆಯೇ? ಡಬ್ಬಿಯ ಮೇಲೆ ಯುಎಸ್‌ಬಿ 3.0 (ವೇಗದ ಜೋಡಣೆ) ಎಂದಿದೆ, ಕಂಪ್ಯೂಟರಿಗೆ ಚುಚ್ಚುವ ಬಾಯಿಯೊಳಗೆ ಅದರ ಗುರುತಾದ ನೀಲಿ ಪ್ಲಾಸ್ಟಿಕ್ಕೂ ಇದೆ. ಟಾರ್ಚ್ ಹಿಡಿದು ನೋಡಿದರೆ ನಾಲ್ಕೇ ಲೋಹದ ಪಟ್ಟಿಗಳು. 3.0ಕ್ಕೆ ಒಂಬತ್ತು ಇರಬೇಕು.

ಆ ರಾತ್ರಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಹಾಕಿದೆ (ಲಿನಕ್ಸ್, ಮ್ಯಾಕ್ ಇರುವವರಿಗೆ ಎಫ್3 ಎಂಬುದಿದೆ). ಅದು ಕಾರ್ಡಿನ ಖಾಲಿ ಜಾಗವನ್ನು ತುಂಬಿ, ತುಂಬಿದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಮೊದಲು ಉಳಿದದ್ದನ್ನೆಲ್ಲ ನಕಲು ಮಾಡಿಕೊಂಡು ಕಾರ್ಡ್ ಖಾಲಿ ಮಾಡಿದೆ. ಬೆಳಗಾಗುವಷ್ಟರಲ್ಲಿ ಫಲಿತಾಂಶ: 14.8 ಜಿಬಿ ಸರಿ, 104 ಜಿಬಿಗೂ ಹೆಚ್ಚು ನಷ್ಟ. ಅಂದರೆ ಒಳಗಿರುವುದು 16 ಜಿಬಿಯ ಚಿಪ್. ಕಾರ್ಡ್ ತನ್ನ ಗಾತ್ರವನ್ನು ತಾನೇ ಹೇಳಿಕೊಳ್ಳುತ್ತದೆ. 128 ಎಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿಟ್ಟರೆ ಕ್ಯಾಮೆರಾ, ಮೊಬೈಲ್, ಕಂಪ್ಯೂಟರ್ ಎಲ್ಲವೂ ನಂಬುತ್ತವೆ. ಫೈಲುಗಳ ಪಟ್ಟಿ ಕಾರ್ಡಿನ ಆರಂಭದಲ್ಲಿರುವುದರಿಂದ ಹೆಸರುಗಳು ಉಳಿಯುತ್ತವೆ, ಒಳಗಿನದು ಗಾಳಿಗೆ ಹೋಗುತ್ತದೆ. ಪರಿಚಯದ ರಿಪೇರಿ ಹುಡುಗನನ್ನು ಕೇಳಿದೆ. "ಅಳಿಸಿದ್ದನ್ನು ತೆಗೆಯಬಹುದು ಅಣ್ಣ, ಬರೆಯದೇ ಇದ್ದದ್ದನ್ನು ಎಲ್ಲಿಂದ ತೆಗೆಯಲಿ?" ಎಂದು ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ಕಳಿಸಿದ.

ಇನ್ನೊಂದು ಹೇಳಲೇಬೇಕು, ಇದೇ ಹೆಚ್ಚು ಚುಚ್ಚುವುದು. ಅಪ್ಪ ಪಂಚಾಂಗ ಓದುವ ಭೂತಗನ್ನಡಿಯಲ್ಲಿ ಕಾರ್ಡನ್ನು ನೋಡಿದೆ. ಉಗುರಿನಷ್ಟಿರುವ ಆ ಕರಿಯ ತುಣುಕಿನ ಮೇಲೆ 128 ಎಂಬ ದೊಡ್ಡ ಅಂಕೆ. ಪಕ್ಕದಲ್ಲಿ, ಚಿಕ್ಕದಾಗಿ, ಎಚ್‌ಸಿ. ಎಚ್‌ಸಿ ಎಂದರೆ 32 ಜಿಬಿವರೆಗೆ ಮಾತ್ರ, ಅದಕ್ಕೂ ಮೇಲಿನದಕ್ಕೆ ಎಕ್ಸ್‌ಸಿ ಎಂದಿರಬೇಕು. ಕಳ್ಳಮಾಲು ತಾನೇ ತನ್ನ ಮೈಮೇಲೆ ಸತ್ಯ ಬರೆದುಕೊಂಡು ಎರಡು ವಾರ ನನ್ನ ಜೇಬಿನಲ್ಲಿತ್ತು.

ಮತ್ತೆ ಅಂಗಡಿಗೆ ಹೋದೆ. ಈಗ ಅವನ ಮಾತೇ ಬೇರೆ. "ಕಾರ್ಡ್ ಖಾಲಿ ಮಾಡಿದ್ದೀರಿ, ವಾರಂಟಿ ಹೋಯಿತು." ಆಮೇಲೆ "ಬಿಲ್ ಎಲ್ಲಿದೆ?" ಬಿಲ್ ಕೇಳಿದಾಗ "ಜಿಎಸ್‌ಟಿ ಸೇರಿದರೆ ರೇಟು ಜಾಸ್ತಿಯಾಗುತ್ತದೆ" ಎಂದು ಚೀಟಿಯ ಮೇಲೆ "ಕಾರ್ಡ್ 1 – 620" ಎಂದು ಗೀಚಿ ಕೊಟ್ಟವನು ಇವನೇ. ಚೀಟಿ ತೋರಿಸಿದೆ. "ಇದರಲ್ಲಿ ನಮ್ಮ ಅಂಗಡಿಯ ಹೆಸರಿಲ್ಲವಲ್ಲ ಸರ್?" ಕೊನೆಗೆ ವಿಡಿಯೊ ಹೋಯಿತಲ್ಲಪ್ಪ ಎಂದರೆ, ಮೊಬೈಲಿನಿಂದ ಕಣ್ಣು ಎತ್ತದೆ, "ಜಾತ್ರೆಯದೇ ತಾನೇ, ಮುಂದಿನ ವರ್ಷ ಮತ್ತೆ ಬರುತ್ತದೆ."

ಜಾತ್ರೆ ಬರುತ್ತದೆ. ಅಪ್ಪನ ಮೊಣಕಾಲು ಬರುತ್ತದೆಯೇ?

ನಾನು ದನಿ ಏರಿಸಿದಾಗ ಬೇರೆ ಗಿರಾಕಿಗಳು ತಿರುಗಿ ನೋಡಿದರು. ಆಗ ಅದೇ ಡಬ್ಬಿಯಿಂದ ಇನ್ನೊಂದು ಕಾರ್ಡ್ ತೆಗೆದು "ಹೋಗಲಿ, ಇದನ್ನು ಇಟ್ಟುಕೊಳ್ಳಿ" ಎಂದ. ಅದರ ಮೇಲೂ 128, ಅದರ ಮೇಲೂ ಎಚ್‌ಸಿ.

ನಿಮಗೆ ಹೇಳುವುದಿಷ್ಟು. ಕಾರ್ಡ್ ಕೊಂಡ ದಿನವೇ, ಅದರಲ್ಲಿ ಏನೂ ಇಲ್ಲದಿರುವಾಗಲೇ, ಪೂರ್ತಿ ತುಂಬಿಸಿ ಪರೀಕ್ಷಿಸಿ. ರಾತ್ರಿ ಹಚ್ಚಿ ಮಲಗಿದರಾಯಿತು. ಅಂಗಡಿಯ ಹೆಸರು, ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೊಡದವನ ಹತ್ತಿರ ಒಂದು ಕೇಬಲ್ ಕೂಡ ಕೊಳ್ಳಬೇಡಿ. ಮತ್ತು "ರೀಡರ್ ಸರಿಯಿಲ್ಲ" ಎಂದು ಯಾರಾದರೂ ಹೇಳಿದರೆ, ಅದೇ ರೀಡರಿಗೆ ಬೇರೆ ಕಾರ್ಡ್ ಹಾಕಿ ನೋಡಿ. ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಆಧಾರವೆಂದು ನನ್ನ ಬಳಿ ಇರುವುದು ಆ ಗೀಚಿದ ಚೀಟಿ ಮತ್ತು ಫೋನಿನಲ್ಲಿ ಹಣ ಕಳಿಸಿದ ದಾಖಲೆ. ಅಪ್ಪ ದಿನಾ ಸಂಜೆ "ತೇರಿನದು ಹಾಕು, ನೋಡೋಣ" ಎನ್ನುತ್ತಾರೆ. ಕಂಪ್ಯೂಟರ್ ರಿಪೇರಿಗೆ ಹೋಗಿದೆ ಎಂದು ಸುಳ್ಳು ಹೇಳಿಕೊಂಡು ಬರುತ್ತಿದ್ದೇನೆ.