ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಕಾರವಾರದಲ್ಲಿ ಹಾಕ್ಸಿದ ಮೇಲೆ ಅನ್ಸಿದ್ದು

ಮೊದ್ಲೇ ಹೇಳಿಬಿಡ್ತೇನೆ, ಎಸ್‌ಎಸ್‌ಡಿ, ಅಂದ್ರೆ ತಿರುಗೋ ಹಾರ್ಡ್ ಡಿಸ್ಕಿನ ಬದಲು ಚಿಪ್ಪಲ್ಲಿ ಡೇಟಾ ಇಡೋ ಡ್ರೈವು, ನಾನು ಹಾಕ್ಸಿದೆ, ಹಾಕ್ಸಿದ್ದು ಒಳ್ಳೇದೇ ಆಯ್ತು. ಆದ್ರೆ ಕೇಳಿದೋರಿಗೆಲ್ಲ ಹಾಕ್ಸಿ ಅಂತ ಹೇಳೋದಿಲ್ಲ, ಯಾಕೆ ಅಂತ ಮುಂದೆ ಬರ್ತದೆ.

ನಮ್ಮದು ಕೋರ್ಟ್ ಹತ್ರ ಸಣ್ಣ ಟೈಪಿಂಗ್ ಅಂಗಡಿ. ಅಫಿಡವಿಟ್ಟು, ಬಾಡಿಗೆ ಕರಾರು, ಅರ್ಜಿ, ಮಧ್ಯ ಮಧ್ಯ ಝೆರಾಕ್ಸು. ಲ್ಯಾಪ್‌ಟಾಪು 2016ರದ್ದು, ಆರನೇ ಜನರೇಷನ್ ಐ3, 4 ಜಿಬಿ ರ‍್ಯಾಮು, 1 ಟಿಬಿ ಹಾರ್ಡ್ ಡಿಸ್ಕು. ಬೆಳಿಗ್ಗೆ ಆನ್ ಮಾಡಿಟ್ಟು ಬಾಗಿಲಲ್ಲಿ ಕಸ ಹೊಡೆದು ಎದುರಿನ ಹೋಟ್ಲಲ್ಲಿ ಚಾ ಕುಡ್ದು ಬಂದ್ರೂ ಇನ್ನೂ ಪೂರ್ತಿ ಎದ್ದಿರ್ತಿರಲಿಲ್ಲ, ಅಷ್ಟೊತ್ತಿಗೆ ಪಾರ್ಟಿ ಬಂದು "ಆಯ್ತಾ ಅಣ್ಣ, ಲಾಯರ್ರು ಕಾಯ್ತಾ ಇದ್ದಾರೆ" ಅಂತ ತಲೆ ಮೇಲೆ ನಿಂತಿರ್ತಿದ್ರು. ಹೊಸದು ತಗೊಳ್ಳಿ ಅಂತ ಎಲ್ಲರೂ ಹೇಳೋರೇ, ದುಡ್ಡು ಮಾತ್ರ ಯಾರೂ ಕೊಡೋರಲ್ಲ.

ದುಡ್ಡು ಹಾಕೋಕಿಂತ ಮುಂಚೆ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪು ಒದ್ದಾಡ್ತಿರುವಾಗ್ಲೇ ಒಳಗೆ ಯಾವುದು ಎಷ್ಟು ದುಡೀತಿದೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ. ಡಿಸ್ಕ್ 100% ಅಂತ ಕೆಂಪಾಗಿ ನಿಂತಿದ್ದು ಸಿಪಿಯು ಸುಮ್ನೆ ಆಕಳಿಸ್ತಾ ಇದ್ರೆ ಎಸ್‌ಎಸ್‌ಡಿ ಕೆಲಸ ಮಾಡ್ತದೆ. ಸಿಪಿಯುನೇ 100% ಇದ್ರೆ ಎಂಥಾ ಎಸ್‌ಎಸ್‌ಡಿ ಹಾಕಿದ್ರೂ ಅಷ್ಟರಲ್ಲೇ ಇದೆ. ನಂದು ಡಿಸ್ಕಿನ ಕಾಯಿಲೆ. ಲ್ಯಾಪ್‌ಟಾಪಿನ ಮಾಮೂಲಿ ಹಾರ್ಡ್ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗ್ತದೆ, ಅಂದ್ರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು, ಬೇಕಾದ ಜಾಗ ಓದೋ ಹೆಡ್ಡಿನ ಕೆಳಗೆ ಬರೋ ತನಕ ಕಾಯ್ಲೇಬೇಕು. ವಿಂಡೋಸ್ ಏಳುವಾಗ ಓದೋದು ಒಂದು ದೊಡ್ಡ ಫೈಲಲ್ಲ, ಅಲ್ಲೊಂದು ಇಲ್ಲೊಂದು ಚದುರಿಕೊಂಡಿರೋ ಸಾವಿರಾರು ಚಿಲ್ಲರೆ ಫೈಲು. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಇಲ್ಲ, ಹಂಗಾಗಿ ಈ ಕಾಯೋದು ಹೆಚ್ಚುಕಡಿಮೆ ಹೋಗಿಬಿಡ್ತದೆ. ಡಬ್ಬಿ ಮೇಲೆ ಬರ್ದಿರೋ ಸೆಕೆಂಡಿಗೆ 500 ಚಿಲ್ಲರೆ ಎಂಬಿ ಅನ್ನೋದಕ್ಕಿಂತ ಇದೇ ಮುಖ್ಯ.

ಯಾವುದು ತಗೊಳ್ಳೋದು ಅಂತ ತಲೆ ಕೆಡಿಸ್ಕೊಳ್ಳೋರಿಗೆ: ಹಳೇ ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರೋ 2.5 ಇಂಚಿನ ಸಾಟಾ ಸಾಕು. ಸಣ್ಣ ಪಟ್ಟಿಯಂಥ ಎಸ್‌ಎಸ್‌ಡಿ ಸಿಕ್ಕಿಸೋ ಎಂ.2 ಸ್ಲಾಟ್ ಇದ್ರೆ ಅದು ಸಾಟಾದ್ದಾ ಇಲ್ಲ ಅದಕ್ಕಿಂತ ವೇಗದ ಎನ್‌ವಿಎಂಇದ್ದಾ ಅಂತ ಖಾತ್ರಿ ಮಾಡ್ಕೊಂಡೇ ತಗೊಳ್ಳಿ, ನೋಡೋಕೆ ಎರಡೂ ಒಂದೇ ಥರ ಇರ್ತಾವೆ. ಕಡಿಮೆ ರೇಟಿನ ಕ್ರೂಷಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400 ಇವಕ್ಕೆ ಒಳಗೆ ಯಾವ ಡೇಟಾ ಎಲ್ಲಿದೆ ಅಂತ ನೆನಪಿಡೋ ವೇಗದ ಚಿಪ್ಪು, ಅಂದ್ರೆ ಡಿರ‍್ಯಾಮ್ ಇಲ್ಲ, ವಾರಂಟಿ 3 ವರ್ಷ. ಸ್ಯಾಮ್‌ಸಂಗ್ 870 ಇವೋಗೆ ಡಿರ‍್ಯಾಮ್ ಇದೆ, 5 ವರ್ಷ ವಾರಂಟಿ, ರೇಟೂ ಹಂಗೇ ಇದೆ. ಮದುವೆ ವಿಡಿಯೋ ಎಡಿಟ್ ಮಾಡೋರು, ದಿನಾ ಹತ್ತಾರು ಜಿಬಿ ಕಾಪಿ ಹೊಡಿಯೋರು ಈ ಸ್ಯಾಮ್‌ಸಂಗಿಗೇ ಹೋಗ್ಲಿ, ಯಾಕಂದ್ರೆ ಅಗ್ಗದವು ದೊಡ್ಡ ಕಾಪಿ ಶುರುವಲ್ಲಿ ಜೋರಾಗಿ ಎಳೆದು ಆಮೇಲೆ ಕುಂಟ್ತಾವೆ. ವರ್ಡು, ಕ್ರೋಮು, ಪ್ರಿಂಟು ಅನ್ನೋ ನಮ್ಮಂಥೋರಿಗೆ ಆ ವ್ಯತ್ಯಾಸ ಗೊತ್ತೂ ಆಗಲ್ಲ.

ಹಾಕ್ಸಿದ್ದು ಇಲ್ಲೇ ಮಾರ್ಕೆಟ್ ಕಡೆ ಒಂದು ರಿಪೇರಿ ಅಂಗಡಿಯಲ್ಲಿ. ಹುಡುಗ ಕೊಂಕಣಿಯಲ್ಲಿ ಫೋನಲ್ಲಿ ಯಾರಿಗೋ ಬೈತಾ ಬೈತಾನೇ ತಳ ಬಿಚ್ಚಿದ, ಕೈ ಮಾತ್ರ ನೀಟು. ಸಮುದ್ರದ ಉಪ್ಪುಗಾಳಿಗೆ ಸ್ಕ್ರೂ ಎಲ್ಲ ತುಕ್ಕು, ಎರಡು ಸ್ಕ್ರೂ ತಿರುಗದೇ ತಲೆ ಸವೆದೇ ಹೋಗಿತ್ತು, ಅದಕ್ಕೊಂದು ರಬ್ಬರ್ ಬ್ಯಾಂಡ್ ತುಂಡು ಇಟ್ಟು ಸ್ಕ್ರೂಡ್ರೈವರ್ ಒತ್ತಿ ತೆಗೆದ. ಹಳೇ ಡಿಸ್ಕು 9.5 ಎಂಎಂ ದಪ್ಪ, ಎಸ್‌ಎಸ್‌ಡಿ 7 ಎಂಎಂ, ಹಂಗೇ ಕೂರ್ಸಿದ್ರೆ ಒಳಗೆ ಗಡಗಡ ಅಂತದೆ, ಸಂದು ತುಂಬೋಕೆ ಸ್ಪೇಸರ್ ಬೇಕು. ಅವನ ಹತ್ರ ಇರಲಿಲ್ಲ, ಯಾರದೋ ಮದುವೆ ಕಾಗದದ ದಪ್ಪ ತುದಿ ಕತ್ತರಿಸಿ ಮಡಚಿ ಇಟ್ಟ! ನಗು ಬಂತು, ಆದ್ರೆ ಈಗ್ಲೂ ಅಲ್ಲಾಡ್ತಾ ಇಲ್ಲ ಮಾರಾಯ್ರೆ. ಫ್ಯಾನಿನ ಧೂಳೂ ಅವನೇ ತೆಗೆದು ಕೊಟ್ಟ, ಅದಕ್ಕೆ ಬೇರೆ ದುಡ್ಡು ಕೇಳ್ಲಿಲ್ಲ.

ಹೊಸ ವಿಂಡೋಸ್ ಹಾಕೋಣ, ಕ್ಲೀನ್ ಇರ್ತದೆ ಅಂದ. ಬೇಡ, ಕ್ಲೋನ್ ಮಾಡು, ಹಳೇ ಡಿಸ್ಕಲ್ಲಿ ಇದ್ದದ್ದು ಇದ್ದಹಾಗೇ ಹೊಸದಕ್ಕೆ ನಕಲು ಹೊಡಿ ಅಂದೆ. ನಮ್ಮಲ್ಲಿ ವರ್ಷಗಟ್ಟಲೆ ಫಾರ್ಮ್ಯಾಟುಗಳು ಹಳೇ ನುಡಿ ಫಾಂಟಲ್ಲಿವೆ, ಎಲ್ಲ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಯೂನಿಕೋಡ್ ಅಲ್ಲ. ನುಡಿ ಹೋಗಿ ಫಾಂಟ್ ತಪ್ಪಿದ್ರೆ ಕರಾರು ಪತ್ರ ಎಲ್ಲ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಜೊತೆಗೆ ಹಳೇ ಪ್ರಿಂಟರಿನ ಡ್ರೈವರ್ ಮತ್ತೆ ಸಿಗ್ತದೋ ಇಲ್ವೋ. ಹಳೇ ಡಿಸ್ಕಿನಲ್ಲಿ ತುಂಬಿರೋದು ಹೊಸದರ ಸೈಜಿಗಿಂತ ಕಡಿಮೆ ಇದ್ರೆ ಕ್ಲೋನ್ ಆಗ್ತದೆ, ಆದ್ರೆ ಕೆಲವು ಸಾಫ್ಟ್‌ವೇರಿಗೆ ಮೊದ್ಲು ಹಳೇ ಡಿಸ್ಕಿನ ಪಾರ್ಟಿಷನ್ (ಸಿ, ಡಿ ಅಂತ ಮಾಡಿರೋ ಭಾಗ) ಸಣ್ಣ ಮಾಡಿಕೊಡಬೇಕು. ವಾಪಸ್ ತರುವ ಮುಂಚೆ ಅಲ್ಲೇ ಕೂತು ಒಂದು ಹಳೇ ಫೈಲ್ ತೆಗೆದು ಪ್ರಿಂಟ್ ಕೊಟ್ಟು ನೋಡಿ.

ಫಲ ಏನಂದ್ರೆ, ಆನ್ ಮಾಡಿ ಕುರ್ಚಿ ಎಳ್ಕೊಂಡು ಕೂರೋದ್ರೊಳಗೆ ಡೆಸ್ಕ್‌ಟಾಪ್ ಬಂದಿರ್ತದೆ. ಚಾ ಈಗ ಹತ್ತೂವರೆಗೆ. ಕ್ರೋಮಲ್ಲಿ ಟ್ಯಾಬ್ ಜಾಸ್ತಿ ಆದ್ರೆ ಈಗ್ಲೂ ತಡೀತದೆ, ಅದು 4 ಜಿಬಿ ರ‍್ಯಾಮಿನ ತೊಂದ್ರೆ, ಇನ್ನೊಂದು 4 ಹಾಕ್ಸೋ ಆಸೆ ಇದೆ, ಆದ್ರೆ 2025ರ ಕೊನೆಯಿಂದ ರ‍್ಯಾಮಿನ ರೇಟು ಏರಿದ್ದು ನೋಡಿ ಸುಮ್ನಿದ್ದೇನೆ.

ಇನ್ನು ಯಾರಿಗೆ ಬೇಡ ಅಂದ್ನಲ್ಲ, ಅದು ವಿಂಡೋಸ್ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ಅಂದ್ರೆ ಸುರಕ್ಷತೆಯ ಅಪ್‌ಡೇಟು ಮೊದ್ಲಿನ ಹಾಗೆ ತಾನಾಗೇ ಬರೋದಿಲ್ಲ, 11ಕ್ಕೆ ಇಂಟೆಲ್ ಆದ್ರೆ ಎಂಟನೇ ಜನರೇಷನ್ ಮತ್ತು ಮೇಲೆ, ಟಿಪಿಎಂ 2.0 ಅನ್ನೋ ಸುರಕ್ಷತೆಯ ವ್ಯವಸ್ಥೆ ಬೇಕು. ನನ್ನ ಐ3 ಅದಕ್ಕೆ ಲಾಯಕ್ಕಿಲ್ಲ. ಹಂಗಾಗಿ ಬ್ಯಾಂಕಿಂಗು ಇದರಲ್ಲಿ ಮಾಡೋದು ಬಿಟ್ಟೆ, ಇನ್ನೊಂದೆರಡು ವರ್ಷ ಟೈಪಿಂಗಿಗೆ ಓಡಿದ್ರೆ ಸಾಕು ಅಂತ ಲೆಕ್ಕ ಹಾಕಿ 480 ಜಿಬಿಗೇ ನಿಂತೆ. ಇಂಥ ಲ್ಯಾಪ್‌ಟಾಪಿಗೆ 1 ಟಿಬಿದು, 2 ಟಿಬಿದು ಹಾಕ್ಸೋದು ದಂಡ. ಹಿಂಜ್ ಮುರಿದಿದ್ರೆ, ಬ್ಯಾಟರಿ ಉಬ್ಬಿದ್ರೆ, ಕೀಬೋರ್ಡಿನ ಅರ್ಧ ಕೀ ಸತ್ತಿದ್ರೆ ಆ ದುಡ್ಡು ಹೊಸದಕ್ಕೇ ಕೂಡಿಡಿ. ವಿಂಡೋಸ್ ಬಿಟ್ಟು ಅದರ ಬದಲು ಲಿನಕ್ಸ್ ಹಾಕ್ತೀರಾದ್ರೆ ವಿಂಡೋಸಿನ ಈ ತೊಂದ್ರೆ ಇಲ್ಲ, ಅದು ಬೇರೆ ಮಾತು.

ಹಳೇ ಹಾರ್ಡ್ ಡಿಸ್ಕ್ ಅಂಗಡಿಯವನಿಗೆ ಬಿಟ್ಟು ಬರಬೇಡಿ, ಅದರಲ್ಲಿ ಜನರ ಆಧಾರ್ ಸ್ಕ್ಯಾನ್ ಇರ್ತದೆ. ಒಂದು ಯುಎಸ್‌ಬಿ ಕೇಸು ತಗೊಂಡು ಡಿಸ್ಕನ್ನ ಅದರೊಳಗೆ ಹಾಕಿ ಬ್ಯಾಕಪ್‌ಗೆ ಇಟ್ಕೊಳ್ಳಿ. ಹಾರ್ಡ್ ಡಿಸ್ಕು ಸಾಯೋಕೆ ಮುಂಚೆ ಎಷ್ಟೋ ಸಲ ಟಿಕ್ ಟಿಕ್ ಅಂತದೆ, ಎಸ್‌ಎಸ್‌ಡಿ ಒಂದು ಮಾತೂ ಹೇಳ್ದೇ ಹೋಗ್ಬಹುದು, ಅದರಿಂದ ಅಳಿಸಿದ್ದು ವಾಪಸ್ ತರೋದೂ ಕಷ್ಟ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬಂದು ಮಾಡೋದು ಗೊತ್ತಲ್ಲ, ಬ್ಯಾಟರಿ ಸತ್ತಿದ್ರೆ ಟೈಪ್ ಮಾಡ್ತಿದ್ದ ಪೇಜು ಎಸ್‌ಎಸ್‌ಡಿ ಇದ್ರೂ ಹೋಗ್ತದೆ. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಬಿಲ್ಲಿನ ಫೋಟೋ ಮೊಬೈಲಲ್ಲಿ ಇಡಿ, ಇಲ್ಲಿನ ತೇವಕ್ಕೆ ಆ ಕಾಗದದ ಅಕ್ಷರ ವಾರಂಟಿ ಮುಗಿಯೋ ತನಕ ಉಳಿಯೋದಿಲ್ಲ.