ಕಪ್ಪಗಿದ್ದಷ್ಟೂ ಒಳ್ಳೆಯದು ಅಂತ ಕೂಲಿಂಗ್ ಗ್ಲಾಸ್ ಕೊಳ್ಳಬೇಡಿ

ಪ್ಯಾರಾಗ್ಲೈಡಿಂಗ್ ಮಾಡುವವರು, ಬೆಟ್ಟದ ದಾರಿಯಲ್ಲಿ ಸೈಕಲ್ ಹೊಡೆಯುವವರು ದಯವಿಟ್ಟು ಇದನ್ನು ಓದಿ. ಹೋದ ತಿಂಗಳು ಇಳಿಯುವಾಗ ಕರೆಂಟ್ ತಂತಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಗಾಳಿ ಚೆನ್ನಾಗಿಯೇ ಇತ್ತು, ಗ್ಲೈಡರ್‌ನಲ್ಲೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕನ್ನಡಕದಲ್ಲಿ.

ಹಾರುವಾಗ ಹಾಕಿಕೊಳ್ಳಲು ಬೇಕು ಅಂತ ಅಂಗಡಿಯಲ್ಲಿ ಹೇಳಿಯೇ ಕೊಂಡಿದ್ದೆ. "ಮೇಲೆ ಬಿಸಿಲು ಜಾಸ್ತಿ ಅಲ್ವಾ, ಎಲ್ಲಕ್ಕಿಂತ ಕಪ್ಪಗಿರೋದೇ ತಗೊಳ್ಳಿ, ಇದು ಪೋಲರೈಸ್ಡ್ ಬೇರೆ" ಅಂದರು. ಪೋಲರೈಸ್ಡ್ ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಟ್ಟು ಪ್ರತಿಫಲನದ ಝಳ ತಗ್ಗಿಸುವ ಲೆನ್ಸ್. ನಂಬಿದೆ. ಹಾಕಿಕೊಂಡಾಗ ಕಣ್ಣಿಗೆ ಹಾಯೆನಿಸಿತು ಕೂಡ.

ಮೇಲೆ ಹೋದ ಮೇಲೆ ಮೊದಲು ಕೈಕೊಟ್ಟದ್ದು ವೇರಿಯೋ, ಅಂದರೆ ಏರಿಳಿತ ತೋರಿಸುವ ಪುಟ್ಟ ಯಂತ್ರ. ಎಷ್ಟು ಎತ್ತರದಲ್ಲಿದ್ದೇನೆ, ಏರುತ್ತಿದ್ದೇನಾ ಇಳಿಯುತ್ತಿದ್ದೇನಾ ಅಂತ ನೋಡಲು ತಲೆ ಓರೆ ಮಾಡಿದರೆ ಪರದೆ ಪೂರ್ತಿ ಕಪ್ಪು. ಬ್ಯಾಟರಿ ಹೋಯಿತು ಅಂದುಕೊಂಡೆ. ಎಲ್‌ಸಿಡಿ ಪರದೆಯ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಾ ಹೊರಗೆ ಬರುತ್ತದೆ, ಪೋಲರೈಸ್ಡ್ ಲೆನ್ಸ್ ಅದಕ್ಕೆ ಅಡ್ಡವಾದರೆ ಆ ಬೆಳಕು ಕಣ್ಣಿಗೆ ಬರುವುದೇ ಇಲ್ಲ. ಇದು ನನಗೆ ಗೊತ್ತಾದದ್ದು ಆಮೇಲೆ.

ನಿಜವಾಗಿ ಹೆದರಿದ್ದು ಇಳಿಯುವಾಗ. ಸಂಜೆ ಆಗುತ್ತಿತ್ತು, ಮೇಲೆ ಇನ್ನೂ ಬಿಸಿಲಿತ್ತು, ಕಣಿವೆಗೆ ಆಗಲೇ ಬೆಟ್ಟದ ನೆರಳು ಬಿದ್ದಿತ್ತು. ನೆರಳಿಗೆ ಇಳಿದದ್ದೇ ತಡ, ಕೆಳಗಿನ ಹೊಲ, ಬದು, ಮರ ಎಲ್ಲಾ ಒಂದೇ ಬಣ್ಣದ ಮುದ್ದೆಯಾಯಿತು. ಕನ್ನಡಕ ತೆಗೆಯೋಣ ಅಂದರೆ ಅದರ ಕಡ್ಡಿ ಹೆಲ್ಮೆಟ್ ಒಳಗೆ ಸಿಕ್ಕಿಕೊಂಡಿದೆ, ಎರಡೂ ಕೈ ಗ್ಲೈಡರ್ ತಿರುಗಿಸುವ ಬ್ರೇಕ್ ಹಿಡಿಗಳ ಮೇಲಿದೆ, ನೆಲ ಹತ್ತಿರ ಬರುತ್ತಿರುವಾಗ ಕೈ ಬಿಡೋಕಾಗುತ್ತಾ? ಮೊದಲು ಕಂಬ ಕಂಡಿತು. ಕಂಬ ಇದ್ದರೆ ತಂತಿ ಇರಲೇಬೇಕು ಅಂತ ಹೊಳೆದು ಪಕ್ಕಕ್ಕೆ ತಿರುಗಿಸಿದೆ, ತಂತಿ ಕಂಡದ್ದು ಅದನ್ನು ದಾಟುವಾಗ. ನೆಲ ಎಷ್ಟು ದೂರ ಇದೆ ಅನ್ನುವ ಅಂದಾಜೂ ತಪ್ಪಿ ಕಾಲು ಉಳುಕಿತು. ಅಷ್ಟಕ್ಕೇ ಮುಗಿಯಿತು.

ಮನೆಗೆ ಬಂದು ಕಡ್ಡಿಯ ಒಳಭಾಗ ನೋಡಿದರೆ 4 ಅಂತ ಬರೆದಿತ್ತು. 0ಯಿಂದ 4ರವರೆಗೆ ಇರುವ ಈ ದರ್ಜೆ, ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ ಅಂತ ಹೇಳುತ್ತದೆ. 4 ಅಂದರೆ ಬರೀ ಶೇ. 3ರಿಂದ 8. ಹಿಮ ತುಂಬಿದ ಎತ್ತರದ ಬೆಟ್ಟಕ್ಕೆ ಅದು ಸರಿ, ಗಾಡಿ ಓಡಿಸಲು ಸಹ ಬಳಸಬಾರದು. 3ನೇ ದರ್ಜೆಯದು ಶೇ. 8ರಿಂದ 18, 2ನೆಯದು ಶೇ. 18ರಿಂದ 43 ಬಿಡುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೂಡ ಪೈಲಟ್‌ಗಳಿಗೆ ಬೆಳಕನ್ನು ಶೇ. 70ರಿಂದ 85ರಷ್ಟು ಮಾತ್ರ ತಡೆಯುವ, ಅಂದರೆ ಶೇ. 15ರಿಂದ 30 ಒಳಗೆ ಬಿಡುವ ಲೆನ್ಸ್ ಸಾಕು ಅನ್ನುತ್ತದೆ, ಪೋಲರೈಸ್ಡ್ ಬೇಡ ಅನ್ನುತ್ತದೆ. ದೂರದ ಇನ್ನೊಂದು ವಿಮಾನದ ಮೈಮೇಲೆ ಬಿಸಿಲು ಮಿಂಚುವುದನ್ನೂ ಅದು ಅಳಿಸಿಬಿಡಬಹುದು.

ಕಪ್ಪು ಬಣ್ಣಕ್ಕೂ ಯುವಿ (ಕಣ್ಣಿಗೆ ಹಾನಿ ಮಾಡುವ ನೇರಳಾತೀತ ಕಿರಣ) ತಡೆಯುವುದಕ್ಕೂ ಸಂಬಂಧವಿಲ್ಲ. ಬಣ್ಣವೇ ಇಲ್ಲದ ಲೆನ್ಸ್ ಕೂಡ ಯುವಿ ತಡೆಯಬಲ್ಲದು. ಯುವಿ ತಡೆಯದ ಕಪ್ಪು ಲೆನ್ಸ್ ಇನ್ನೂ ಕೆಟ್ಟದ್ದು, ಕತ್ತಲಾಯಿತು ಅಂತ ಕಣ್ಣಿನ ಪಾಪೆ ಅಗಲವಾಗುತ್ತದೆ, ಯುವಿ ಸುಮ್ನೆ ಒಳಗೆ ಹೋಗುತ್ತದೆ. ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ ಅನ್ನುವ ಗುರುತಾದ ಯುವಿ400 ಅಂತ ಇದೆಯಾ ನೋಡಿ.

ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸನ್ನೂ ಕಣ್ಣುಮುಚ್ಚಿ ನಂಬಬೇಡಿ. ಚಳಿಯಲ್ಲಿ ಅದು ತಿಳಿಯಾಗಲು ನಿಧಾನ ಮಾಡುತ್ತದೆ, ಸೈಕಲ್‌ನಲ್ಲಿ ಬಿಸಿಲಿಂದ ಮರದ ನೆರಳಿಗೆ ನುಗ್ಗಿದಾಗ ಗುಂಡಿ ಬರುವುದು ಅರೆಕ್ಷಣದಲ್ಲಿ.

ಈಗ ನನ್ನ ಹತ್ತಿರ ಇರುವುದು ಬೂದು ಬಣ್ಣದ, ಪೋಲರೈಸ್ಡ್ ಅಲ್ಲದ, 2ನೇ ದರ್ಜೆಯದು. ಬೂದು ಬಣ್ಣದಲ್ಲಿ ಉಳಿದ ಬಣ್ಣಗಳು ಹೆಚ್ಚು ಕೆಡುವುದಿಲ್ಲ. ಮಸುಕು ಇರುವ ದಿನ ಕಂದು ಬಣ್ಣದ್ದು ಹಾಕುತ್ತೇನೆ, ನೆಲದ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ಕೊಳ್ಳುವ ಮೊದಲು ಹೆಲ್ಮೆಟ್ ಜೊತೆಗೆ ಹಾಕಿ ನೋಡಿ, ನಿಮ್ಮ ವೇರಿಯೋವನ್ನು ಮುಂದೆ ಹಿಡಿದು ತಲೆಯನ್ನು ಎರಡೂ ಕಡೆ ಓರೆ ಮಾಡಿ, ಆಮೇಲೆ ಅದೇ ಕನ್ನಡಕದಲ್ಲಿ ಬಿಸಿಲಿಂದ ನೆರಳಿಗೆ ನಡೆದು ಒಂದು ತೆಳು ತಂತಿ ಕಾಣುತ್ತಾ ನೋಡಿ.