ಜೆರಾಕ್ಸ್ ಅಂಗಡಿಗೆ ಆಧಾರ್ ವಾಟ್ಸಾಪ್ ಮಾಡುವ ಮುಂಚೆ

ಎಳ್ಳಮಾವಾಸ್ಯೆಯ ಹಿಂದಿನ ದಿನ ಸಂಜೆ ಮನೆಗೆ ಇಬ್ಬರು ಬಂದರು. ನಾನಿನ್ನೂ ಬೇಳೆ ಮಿಲ್ಲಿನಲ್ಲೇ ಇದ್ದೆ. ಲೆಕ್ಕ ಬರೆಯುವ ಕೆಲಸ ನನ್ನದು, ತೊಗರಿ ಬರಲು ಶುರುವಾದರೆ ರಾತ್ರಿ ಎಂಟಕ್ಕೆ ಮುಂಚೆ ಬಿಡುಗಡೆ ಇಲ್ಲ. ಅವ್ವ ಒಲೆ ಮುಂದೆ ಕೂತು ಸಜ್ಜೆ ಕಡುಬು ಮಾಡುತ್ತಿದ್ದಳು. ಬಂದವರು ಬಾಗಿಲಲ್ಲೇ ನಿಂತು ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಎಲ್ಲ ಓದಿದರಂತೆ. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ, "ನಿಮ್ಮ ಮಗ ಮೊಬೈಲ್ ಸಾಲ ತಗೊಂಡು ಒಂದು ಕಂತೂ ಕಟ್ಟಿಲ್ರಿ" ಅಂದರು.

ನಾನು ಮನೆಗೆ ಬಂದಾಗ ಹಿಟ್ಟು ಹಾಗೇ ಒಣಗುತ್ತಿತ್ತು. ಅವ್ವ ಗೋಡೆಗೆ ಒರಗಿ ಕೂತಿದ್ದಳು. "ಖರೇ ಹೇಳು, ಎಷ್ಟು ಸಾಲ ಮಾಡಿದಿ?" ಅಷ್ಟೇ ಕೇಳಿದಳು. ನನ್ನ ಫೋನು ನಾಲ್ಕು ವರ್ಷದ್ದು, ಗಾಜು ಒಡೆದಿದೆ. ಅದನ್ನೇ ತೆಗೆದು ತೋರಿಸಿದೆ. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮರುದಿನ ಹೊಲದಲ್ಲಿ ಚರಗ ಚೆಲ್ಲುವಾಗಲೂ ನನ್ನ ಜೊತೆ ಮಾತಿಲ್ಲ.

ನಾನು ಯಾವ ಲಿಂಕೂ ಒತ್ತಿರಲಿಲ್ಲ. ಯಾರಿಗೂ ಓಟಿಪಿ ಹೇಳಿರಲಿಲ್ಲ. ಅಪರಿಚಿತ ಕರೆ ಬಂದರೆ ಎತ್ತುವವನೂ ಅಲ್ಲ. ಸೈಬರ್ ವಂಚನೆಯ ಸುದ್ದಿ ಓದಿದಾಗಲೆಲ್ಲ, ಜನ ಇಷ್ಟು ದಡ್ಡರಾ ಅಂತ ಅಂದುಕೊಳ್ಳುತ್ತಿದ್ದೆ. ಆದರೆ ಏಳು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಮುಲಾಜಿಗೆ ಬಿದ್ದು ಎಲ್ಲವನ್ನೂ ನಾನೇ ಕೈಯಾರೆ ಕೊಟ್ಟು ಬಂದಿದ್ದೆ.

ಅಕ್ಕನ ಮಗಳು ಪಿಯುಸಿ ಮುಗಿಸಿದ್ದಳು. 371(ಜೆ) ಪ್ರಮಾಣಪತ್ರ ಬೇಕಿತ್ತು. ನಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಇದು ಗೊತ್ತಿರುವ ಕಥೆಯೇ. ಸ್ಥಳೀಯರ ಮೀಸಲಾತಿಯ ಸೀಟಿಗೂ ನೌಕರಿಗೂ ಅದೇ ಬೇಕು, ಸಹಾಯಕ ಆಯುಕ್ತರ ಸಹಿ ಬೀಳಬೇಕು, ಅದಕ್ಕೆ ಶಾಲೆಯ ದಾಖಲೆ, ರೇಷನ್ ಕಾರ್ಡ್ ಅಂತ ಒಂದು ಕಟ್ಟು ಕಾಗದ. ಮೇ ತಿಂಗಳಲ್ಲಿ ಕಲಬುರಗಿಯ ಕಚೇರಿಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಿಸಿಲು ಬೇರೆ. ಹೇಗೂ ಬಂದಿದ್ದೇನೆ, ಪಿಎಫ್‌ಗೆ ಮಿಲ್ಲಿನವರು ಕೇಳಿದ್ದ ನನ್ನ ಕಾಗದಗಳನ್ನೂ ಮುಗಿಸಿಬಿಡೋಣ ಅಂದುಕೊಂಡೆ. ಅಲ್ಲೇ ಎಡವಿದ್ದು.

ಯಂತ್ರದ ಮುಂದಿದ್ದ ಹುಡುಗ, "ಕಾಕಾ, ಫೋಟೋ ಹೊಡ್ದು ವಾಟ್ಸಾಪ್ ಮಾಡ್ರಿ, ಲಗೂನ ಆಗ್ತದ" ಅಂದ. ನಂಬರು ಗೋಡೆಗೆ ದೊಡ್ಡದಾಗಿ ಅಂಟಿಸಿತ್ತು. ಹೊರಗೆ ಬಂದು ನನ್ನ ಸ್ಕೂಟರಿನ ಸೀಟಿನ ಮೇಲೆ ಆಧಾರ್ ಇಟ್ಟು ಎರಡೂ ಕಡೆ ಫೋಟೋ ತೆಗೆದೆ. ಪ್ಯಾನ್ ಕಾರ್ಡ್, ಪಾಸ್‌ಬುಕ್‌ನ ಮೊದಲ ಪುಟ, ಪಾಸ್‌ಪೋರ್ಟ್ ಅಳತೆಯ ಫೋಟೋ, ಎಲ್ಲ ಕಳಿಸಿದೆ. ನನ್ನ ಹಿಂದೆ ಹಸಿರು ಸೀರೆಯ ಒಬ್ಬ ಅಕ್ಕ ನಿಂತಿದ್ದರು. ಜೇವರ್ಗಿ ಕಡೆಯವರು, ಮಗನ ಅಡ್ಮಿಷನ್‌ಗೆ ಬಂದಿದ್ದರು. ಅವರಿಗೆ ಕಳಿಸಲು ಬರಲಿಲ್ಲ. ಫೋನನ್ನೇ ಹುಡುಗನ ಕೈಗೆ ಕೊಟ್ಟು, "ನೀನೇ ಹಾಕ್ಕೋಪಾ" ಅಂದರು.

ಒಳಗೆ ಕಂಪ್ಯೂಟರ್ ಪರದೆ ನನ್ನ ಕಡೆಗೇ ತಿರುಗಿತ್ತು. ಡೌನ್‌ಲೋಡ್ಸ್ ಫೋಲ್ಡರ್ ತೆರೆದಿತ್ತು. ಸಾಲು ಸಾಲು ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಯಾರದೋ ಪಹಣಿ, ಯಾರದೋ ಮದುವೆ ಸರ್ಟಿಫಿಕೇಟು. ಹುಡುಗ ಕೆಳಗೆ ಎಳೆದಷ್ಟೂ ಬರುತ್ತಲೇ ಇದ್ದವು. ನೋಡಿದೆ. ಒಂದು ಕ್ಷಣ ಅನಿಸಿತು ಕೂಡ. ನನ್ನದನ್ನು ಡಿಲೀಟ್ ಮಾಡಪ್ಪಾ ಅನ್ನಬೇಕು ಅಂತ ಬಾಯಿತನಕ ಬಂತು. ಹಿಂದೆ ಹದಿನೈದು ಜನ, ಅಂಗಡಿಯವರು ಪರಿಚಯದವರು, ಏನಂದುಕೊಂಡಾರು? ಸುಮ್ನೆ ದುಡ್ಡು ಕೊಟ್ಟು ಬಂದೆ. ಮಿಲ್ಲಿನಲ್ಲಿ ಒಂದು ಚೀಲ ಕಮ್ಮಿ ಬಂದರೆ ಮೂರು ಸಲ ಎಣಿಸುವವನು ನಾನು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆಧಾರ್ ವಿಷಯವಾಗಿ ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಎಂಬತ್ತು ದಾಟಿದ ಮೇಲೆ ಅವರು ಸರ್ಕಾರವನ್ನೇ ಕೋರ್ಟಿಗೆಳೆದಿದ್ದರು, ನನಗೆ ಅಂಗಡಿ ಹುಡುಗನ ಹತ್ತಿರ ಒಂದು ಮಾತು ಆಡಲಾಗಲಿಲ್ಲ.

ಇನ್ನು ಸಾಲದ ಕಥೆ. ವಸೂಲಿಗೆ ಬಂದವರು ಬಿಟ್ಟುಹೋದ ಚೀಟಿಯಲ್ಲಿ ಸಾಲದ ನಂಬರ್ ಇತ್ತು. ಕಂಪನಿಗೆ ಇಮೇಲ್ ಬರೆದು, ನಾನು ಸಾಲ ತೆಗೆದಿಲ್ಲ, ನನ್ನ ಹೆಸರಿನಲ್ಲಿ ಕೊಟ್ಟಿರುವ ಎಲ್ಲ ದಾಖಲೆ ಕಳಿಸಿ ಅಂತ ಕೇಳಿದೆ. ಫೋನಿನಲ್ಲಿ ಎಷ್ಟು ಕೂಗಾಡಿದರೂ ಅದು ಲೆಕ್ಕಕ್ಕಿಲ್ಲ, ಬರಹದಲ್ಲಿ ಇರಬೇಕು. ನಾಲ್ಕು ಸಲ ಬರೆದ ಮೇಲೆ ಪಿಡಿಎಫ್ ಬಂತು. ಬೇರೆ ಜಿಲ್ಲೆಯ ಮೊಬೈಲ್ ಅಂಗಡಿಯಲ್ಲಿ 31,990 ರೂಪಾಯಿಯ ಫೋನು, 12 ಕಂತು. ಸಂಪರ್ಕದ ನಂಬರ್ ನನ್ನದಲ್ಲ. ಹಾಗಾಗಿಯೇ ಓಟಿಪಿ ನನಗೆ ಬಂದಿರಲೇ ಇಲ್ಲ. ಅಂಗಡಿಯಲ್ಲಿ ತೆಗೆದ ಸೆಲ್ಫಿಯಲ್ಲಿ ಯಾರೋ ಹುಡುಗ, ಮೀಸೆ ಕೂಡ ಸರಿಯಾಗಿ ಮೂಡಿಲ್ಲ. ನನಗೆ 46. ಅದನ್ನೂ ಇದನ್ನೂ ಹೋಲಿಸಿ ನೋಡುವಷ್ಟು ಪುರುಸೊತ್ತು ಸಾಲ ಕೊಟ್ಟವರಿಗೆ ಇರಲಿಲ್ಲ.

ಮೂರನೇ ಪುಟದಲ್ಲಿ ನನ್ನ ಆಧಾರ್ ಇತ್ತು. ಮೊದಲು ಸುಮ್ಮನೆ ದಾಟಿ ಹೋದೆ. ಆಮೇಲೆ ಏನೋ ಅನಿಸಿ ದೊಡ್ಡದು ಮಾಡಿ ನೋಡಿದೆ. ಕಾರ್ಡಿನ ಎಡ ಅಂಚಿನಾಚೆ ಒಂದು ಬೆರಳಷ್ಟು ನೀಲಿ ರೆಕ್ಸಿನ್. ಅದರ ಮೇಲೆ ಬಿಚ್ಚಿದ ಹೊಲಿಗೆ, ಹೊಲಿಗೆ ಮೇಲೆ ನಾನೇ ಅಂಟಿಸಿದ್ದ ಬಿಳಿ ಟೇಪು. ಹೊರಗೆ ನಿಂತಿದ್ದ ಸ್ಕೂಟರ್ ಹತ್ತಿರ ಹೋಗಿ ಸೀಟು ನೋಡಿದೆ. ಅದೇ ಹೊಲಿಗೆ, ಅದೇ ಟೇಪು. ಆ ಫೋಟೋವನ್ನು ನಾನು ಜನ್ಮದಲ್ಲಿ ಕಳಿಸಿದ್ದು ಒಂದೇ ನಂಬರಿಗೆ.

ಅಂಗಡಿಗೆ ಹೋದೆ. ಯಂತ್ರದ ಮುಂದೆ ಬೇರೆ ಹುಡುಗ ಇದ್ದ. ಹಳೆಯವನು ಬಿಟ್ಟು ಹೋಗಿ ಎಷ್ಟೋ ದಿನ ಆಯ್ತು ಅಂದರು ಮಾಲೀಕರು. ಅವನೇ ಮಾಡಿದನೋ, ಆ ಕಂಪ್ಯೂಟರ್ ಮುಟ್ಟಿದ ಇನ್ಯಾರೋ ಮಾಡಿದರೋ ನಾನು ಹೇಳಲಾರೆ, ಅದನ್ನು ಪೊಲೀಸರು ನೋಡಿಕೊಳ್ಳಲಿ. ಆದರೆ ಡೌನ್‌ಲೋಡ್ಸ್ ತೆರೆಸಿ ಮೇ ತಿಂಗಳಿಗೆ ಹೋದರೆ ನನ್ನ ನೀಲಿ ಸೀಟಿನ ಆಧಾರ್ ಇನ್ನೂ ಅಲ್ಲೇ ಇತ್ತು. ಮಾಲೀಕರೇ ಒಂದು ಗಳಿಗೆ ಮಾತಾಡಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವರು. ಅಳಿಸಬೇಕು ಅನ್ನುವ ಯೋಚನೆಯೇ ಯಾರಿಗೂ ಬಂದಿಲ್ಲ, ಅಷ್ಟೇ.

ವಾಟ್ಸಾಪ್‌ನಲ್ಲಿ ಎಲ್ಲರಿಗೂ ಡಿಲೀಟ್ ಅಂತ ಒತ್ತಿದರೆ ಸಾಕಲ್ವಾ ಅಂತ ಕೆಲವರು ಕೇಳಿದರು. ಸಾಲದು. ಕಳಿಸಿದ ಎರಡೂವರೆ ದಿನದೊಳಗೆ ಒತ್ತಿದರೆ ಚಾಟ್‌ನಿಂದ ಹೋಗುತ್ತದೆ, ಕಂಪ್ಯೂಟರಿಗೆ ಇಳಿಸಿಕೊಂಡ ಫೈಲು ಇದ್ದಲ್ಲೇ ಇರುತ್ತದೆ. ಆ ಫೈಲನ್ನು ಅಲ್ಲೇ, ನಿಮ್ಮ ಕಣ್ಣೆದುರು ಅಳಿಸಬೇಕು. ಬರೀ ಡಿಲೀಟ್ ಒತ್ತಿದರೆ ಅದು ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿಸಿ.

ಆಧಾರ್ ನಂಬರ್ ಪೂರ್ತಿ ಬೇಡದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಪ್ರಾಧಿಕಾರದ (ಯುಐಡಿಎಐ) ವೆಬ್‌ಸೈಟಿನಲ್ಲೇ ಸಿಗುತ್ತದೆ, 12 ಅಂಕಿಯಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಅಷ್ಟೇ ಅದು. ನಿಮ್ಮ ಓಣಿಯ ಯಾರು ಬೇಕಾದರೂ ತೆರೆಯಬಹುದು. ಕಾಗದದ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಬರೆದು ಸಹಿ ಹಾಕಿ.

ತಮಾಷೆ ಅಂದರೆ, 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಎಚ್ಚರಿಕೆ ಕೊಟ್ಟಿತ್ತು: ಸಿಕ್ಕಸಿಕ್ಕವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಅಳಿಸಿಬಿಡಿ ಅಂತ. ಜನ ಗಾಬರಿಯಾದರು, ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ ಅಂತ ಎರಡೇ ದಿನಕ್ಕೆ ಅದನ್ನು ವಾಪಸ್ ತೆಗೆದುಕೊಂಡರು. ನನಗೇನೋ ಅದರಲ್ಲಿ ತಪ್ಪು ಕಾಣುವುದಿಲ್ಲ.

ಪಾಸ್‌ಬುಕ್ ಪುಟವೂ ಹೋಗಿದ್ದರಿಂದ ನನಗೆ ಇನ್ನೊಂದು ಭಯವಿತ್ತು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಹೆಬ್ಬೆಟ್ಟು, ಈ ಮೂರಿದ್ದರೆ ಸಣ್ಣ ಯಂತ್ರದಲ್ಲಿ ದುಡ್ಡು ತೆಗೆಯುವ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಓಟಿಪಿ ಬೇಡ. ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಆಗಿವೆ. ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದೆ, ಐದು ನಿಮಿಷದ ಕೆಲಸ. ಅವ್ವನದು ಮಾತ್ರ ಮಾಡಲಿಲ್ಲ. ರೇಷನ್ ಅಂಗಡಿಯಲ್ಲಿ ಅವಳೇ ಹೆಬ್ಬೆಟ್ಟು ಕೊಡಬೇಕು, ಪ್ರತಿ ಸಲ ಲಾಕ್ ತೆಗೆಯುವುದು ಅವಳಿಂದ ಆಗದ ಮಾತು. ಅವಳ ಖಾತೆಯಲ್ಲಿ ಜಾಸ್ತಿ ದುಡ್ಡು ಇಡುವುದಿಲ್ಲ, ಅಷ್ಟೇ ನಾನು ಕಂಡುಕೊಂಡ ದಾರಿ.

ಖಾತೆಯಿಂದ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡವಾದಷ್ಟೂ ಕಷ್ಟ. ನನ್ನದು ದುಡ್ಡು ಹೋದ ಕೇಸಲ್ಲ, ಸಾಲ ಬಂದ ಕೇಸು. ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ಆ ಒಂದು ಹಾಳೆ ಇಲ್ಲದಿದ್ದರೆ ಮುಂದೆ ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನನ್ನ ಹೆಸರಿನ ಸಿಮ್‌ಗಳೆಷ್ಟು ಅಂತಲೂ ನೋಡಿದೆ. ಪುಣ್ಯಕ್ಕೆ ಎರಡೇ, ಎರಡೂ ನನ್ನವೇ.

ಯಾರ ಹೆಸರಿನಲ್ಲಿ ಯಾವ ಸಾಲ ಇದೆ ಅಂತ ತೋರಿಸುವ ಸಿಬಿಲ್ ವರದಿಯಲ್ಲಿ ಮಾತ್ರ ಆ ಸಾಲ ರಾರಾಜಿಸುತ್ತಿತ್ತು. ವರ್ಷಕ್ಕೊಮ್ಮೆ ಈ ವರದಿಯನ್ನು ಸಾಲದ ಲೆಕ್ಕ ಇಡುವ ಪ್ರತಿ ಸಂಸ್ಥೆಯೂ ಪುಕ್ಕಟೆ ಕೊಡಬೇಕು ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸೇರಿ ಒಟ್ಟು ನಾಲ್ಕಿವೆ. ತಕರಾರು ಹಾಕಿದರೆ 30 ದಿನದಲ್ಲಿ ಬಗೆಹರಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ನನ್ನದಕ್ಕೆ 38 ದಿನ ಹಿಡಿಯಿತು. ಸಾಲ ಹೆಸರಿನಿಂದ ಹೋಯಿತು, ಖಾತೆಗೆ 800 ರೂಪಾಯಿ ಬಂತು. ಓಡಾಟದ ಪೆಟ್ರೋಲಿಗೆ ಅದರ ಎರಡರಷ್ಟು ಹೋಗಿತ್ತು. ಸಾಲ ರದ್ದಾದ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಓಣಿಯವರಿಗೂ ಓದಿ ಹೇಳು ಅಂದಳು.

ಈಗಲೂ ನನಗೆ ನೆನಪಾಗುವುದು ಆ ಹಸಿರು ಸೀರೆಯ ಅಕ್ಕ. ಅವರ ಫೋನಿನಿಂದ ಹುಡುಗ ಏನೇನು ಕಳಿಸಿಕೊಂಡ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ. ಮಗನಿಗೆ ಡಿಪ್ಲೊಮಾ ಸೀಟು, ಜೇವರ್ಗಿ ಹತ್ತಿರದ ಹಳ್ಳಿ, ಅಷ್ಟೇ ಮಾತಾಡಿದ್ದು, ಹೆಸರು ಕೇಳಲಿಲ್ಲ. ಮೇ ಎರಡನೇ ವಾರ ಕಲಬುರಗಿಗೆ ಈ ಕೆಲಸಕ್ಕೆ ಬಂದು ಹೋದವರು ನಿಮ್ಮ ಬಂಧು ಬಳಗದಲ್ಲಿ ಯಾರಾದರೂ ಇದ್ದರೆ, ಒಂದು ಸಲ ಅವರ ಸಿಬಿಲ್ ತೆಗೆಸಿ ನೋಡಿ.